ಮೈದಾನದಲ್ಲಿ ಕುಳಿತು ಕಂಡ ಬೇಸ್‌ಬಾಲ್ ಪ್ರತಿಭೆಗಳು

(ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಆತ್ಮೀಯರೇ,

ಟಿ.ವಿ.ಯಲ್ಲಿ ಬೇಸ್‌ಬಾಲ್ ನೋಡುವಾಗ ನಮ್ಮ ಕಣ್ಣಿಗೆ ಬೀಳುವವರು ಹೆಚ್ಚಿನ ಹೊತ್ತು ನಾಲ್ಕೇ ಜನ. ಮೈದಾನದ ಆಚೆ ತುದಿಯಲ್ಲಿಟ್ಟ ಕ್ಯಾಮೆರಾ ಚೆಂಡು ಎಸೆಯುವ ಪಿಚರ್‌ನ ಬೆನ್ನನ್ನು, ಅವನೆದುರು ನಿಂತ ಬ್ಯಾಟರ್‌ನನ್ನು, ಕುಕ್ಕರಗಾಲಿನಲ್ಲಿ ಕುಳಿತ ಕ್ಯಾಚರ್‌ನನ್ನು ಮತ್ತು ಅವನ ಹಿಂದೆ ಬಾಗಿ ನಿಂತ ಅಂಪೈರ್‌ನನ್ನು ತೋರಿಸುತ್ತದೆ. ಉಳಿದವರು ಪರದೆಗೆ ಬರುವುದು ಚೆಂಡು ಬ್ಯಾಟಿಗೆ ತಾಗಿದ ಮೇಲೆಯೇ. ಮೈದಾನದಲ್ಲಿ ಕುಳಿತವರಿಗೆ ಈ ಕಟ್ಟಿಲ್ಲ. ಫೀಲ್ಡರುಗಳು ಎಲ್ಲೆಲ್ಲಿ ನಿಂತಿದ್ದಾರೆ, ಬೇಸ್ ಮೇಲಿನ ರನ್ನರ್ ಎಷ್ಟು ಮುಂದೆ ಸರಿದಿದ್ದಾನೆ, ಮೂರನೆಯ ಬೇಸ್ ಬಳಿಯ ಕೋಚ್ ಯಾವ ಸನ್ನೆ ಮಾಡುತ್ತಿದ್ದಾನೆ, ಡಗ್‌ಔಟ್‌ನ ಕಟಾಂಜನಕ್ಕೆ ಒರಗಿದ ಮ್ಯಾನೇಜರ್ ಯಾರ ಕಡೆ ನೋಡುತ್ತಿದ್ದಾನೆ ಎನ್ನುವುದೆಲ್ಲ ಅವರಿಗೆ ಒಂದೇ ನೋಟಕ್ಕೆ ಸಿಗುತ್ತದೆ.

ಹಲವು ವರ್ಷ ಹೀಗೆ ಕುಳಿತು ನೋಡಿದ ಮೇಲೆ ನನ್ನಲ್ಲಿ ಒಂದು ತಿಳಿವಳಿಕೆ ಗಟ್ಟಿಯಾಗಿದೆ. ದೊಡ್ಡ ಆಟಗಾರನ ಪ್ರತಿಭೆ ಅವನ ಕೈಕಾಲುಗಳಲ್ಲಿ ಎಷ್ಟು ಕಾಣುತ್ತದೆಯೋ ಅಷ್ಟೇ ಸ್ಪಷ್ಟವಾಗಿ, ಕೆಲವೊಮ್ಮೆ ಅದಕ್ಕಿಂತ ಸ್ಪಷ್ಟವಾಗಿ, ಅವನನ್ನು ಎದುರಿಸುವವರ ನಡವಳಿಕೆಯಲ್ಲಿ ಕಾಣುತ್ತದೆ. ಅವನಿರುವ ಕಡೆ ಎದುರಾಳಿಗಳು ತಮ್ಮ ಜಾಗ ಬದಲಿಸುತ್ತಾರೆ, ಓಡಬೇಕಾದವರು ನಿಲ್ಲುತ್ತಾರೆ, ಧೈರ್ಯವಾಗಿ ಎಸೆಯಬೇಕಾದವರು ಚೆಂಡನ್ನು ದೂರಕ್ಕೆ ಎಸೆದು ತಪ್ಪಿಸಿಕೊಳ್ಳುತ್ತಾರೆ. ಓಕ್ಲಂಡ್‌ನ ಕೊಲಿಸಿಯಂನಲ್ಲಿ ಮತ್ತು ಸ್ಯಾನ್ ಫ್ರಾನ್ಸಿಸ್ಕೊದ ಮೈದಾನದಲ್ಲಿ ನಾನು ಕಣ್ಣಾರೆ ಕಂಡ ಕೆಲವು ಆಟಗಾರರ ಮೂಲಕ ಇದನ್ನು ವಿವರಿಸುತ್ತೇನೆ.

ಕ್ರಿಕೆಟ್ ನೋಡಿ ಬೆಳೆದ ನಮಗಾಗಿ ಆಟದ ಅಳತೆಗಳನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪಿಚರ್ ಕಾಲೂರುವ ಪಟ್ಟಿಯಿಂದ ಬ್ಯಾಟರ್‌ನ ಮುಂದಿನ ಹೋಮ್ ಪ್ಲೇಟ್‌ಗೆ ಇರುವ ದೂರ 60 ಅಡಿ 6 ಅಂಗುಲ, ಅಂದರೆ 18.44 ಮೀಟರ್. ಚೆಂಡು ನೆಲಕ್ಕೆ ಪುಟಿಯದೆ ನೇರವಾಗಿ ಬರುತ್ತದೆ. ಗಂಟೆಗೆ 95 ಮೈಲಿ ವೇಗದ ಚೆಂಡು ಪ್ಲೇಟ್ ತಲುಪಲು ಸುಮಾರು 0.4 ಸೆಕೆಂಡು ಸಾಕು. ಚೆಂಡು ಹೊಡೆದವನು ಓಡಿ ಮುಟ್ಟಬೇಕಾದ ಠಾಣೆಗಳೇ ಬೇಸ್‌ಗಳು, ಮೂರೂ ಬೇಸ್ ಮುಟ್ಟಿ ಹೋಮ್ ಪ್ಲೇಟ್‌ಗೆ ಮರಳಿದರೆ ಒಂದು ರನ್. ಒಂದು ಬೇಸ್‌ನಿಂದ ಇನ್ನೊಂದು ಬೇಸ್‌ಗೆ 90 ಅಡಿ. ಬೀಸಿ ತಪ್ಪಿದ ಚೆಂಡು, ಅಥವಾ ಪ್ಲೇಟ್ ಮೇಲಿನ ಗುರಿಯೊಳಗೆ ಬಂದರೂ ಹೊಡೆಯದೆ ಬಿಟ್ಟ ಚೆಂಡು ಸ್ಟ್ರೈಕ್. ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್, ಅದು ಸ್ಟ್ರೈಕ್‌ಔಟ್. ನಾಲ್ಕು ಚೆಂಡುಗಳು ಗುರಿಯ ಆಚೆ ಹೋದರೆ ಅವನು ಹೊಡೆಯದೆಯೇ ಮೊದಲ ಬೇಸ್‌ಗೆ ನಡೆದು ಹೋಗಬಹುದು, ಅದು ವಾಕ್. ಚೆಂಡು ಹೊಡೆದು ಔಟಾಗದೆ ಬೇಸ್ ಸೇರಿದರೆ ಅದು ಹಿಟ್. ಹತ್ತು ಪ್ರಯತ್ನಗಳಲ್ಲಿ ಮೂರು ಸಲ ಹಿಟ್ ಗಳಿಸುವವನನ್ನು ಈ ಆಟದಲ್ಲಿ ಉತ್ತಮ ಬ್ಯಾಟರ್ ಎಂದು ಗೌರವಿಸುತ್ತಾರೆ.

ನಾನು ಈ ದೇಶಕ್ಕೆ ಬಂದದ್ದು 1998ರಲ್ಲಿ. ಆ ವರ್ಷ ಓಕ್ಲಂಡ್ ಅಥ್ಲೆಟಿಕ್ಸ್ (ಏಸ್) ತಂಡಕ್ಕೆ ರಿಕಿ ಹೆಂಡರ್ಸನ್ ಮರಳಿ ಬಂದಿದ್ದರು. ಅವರಿಗೆ ಆಗ 39 ವರ್ಷ. ವೇಗವೇ ಬಂಡವಾಳವಾದ ಆಟಗಾರರು ಆ ವಯಸ್ಸಿಗೆ ಮನೆ ಸೇರಿರುತ್ತಾರೆ, ಆದರೆ ಹೆಂಡರ್ಸನ್ ಆ ವರ್ಷ 66 ಬೇಸ್‌ಗಳನ್ನು ಕದ್ದು, ಇಲ್ಲಿನ ಎರಡು ದೊಡ್ಡ ಲೀಗ್‌ಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನಲ್ಲಿ ಮೊದಲಿಗರಾದರು. ಪಿಚರ್ ಚೆಂಡು ಎಸೆಯುವ ಕ್ಷಣದಲ್ಲಿ ರನ್ನರ್ ಓಟಕಿತ್ತು, ಕ್ಯಾಚರ್‌ನ ಎಸೆತ ಬರುವ ಮೊದಲೇ ಮುಂದಿನ ಬೇಸ್ ಮುಟ್ಟುವುದನ್ನು ಬೇಸ್ ಕದಿಯುವುದು ಎನ್ನುತ್ತಾರೆ. ಪಿಚರ್‌ನ ಎಸೆತಕ್ಕೆ ಸುಮಾರು 1.3 ಸೆಕೆಂಡು, ಕ್ಯಾಚರ್‌ನ ಎಸೆತ ಎರಡನೆಯ ಬೇಸ್ ಮುಟ್ಟಲು ಸುಮಾರು 2 ಸೆಕೆಂಡು ಎಂದು ಲೆಕ್ಕ ಹಾಕಿದರೆ, ರನ್ನರ್‌ಗೆ ಸಿಗುವ ಅವಕಾಶ ಎಷ್ಟು ಕಿರಿದು ಎನ್ನುವುದು ತಿಳಿಯುತ್ತದೆ.

ಹೆಂಡರ್ಸನ್ ಮೊದಲ ಬೇಸ್‌ನಿಂದ ಕೆಲವು ಹೆಜ್ಜೆ ಸರಿದು, ಮೊಣಕಾಲು ಬಗ್ಗಿಸಿ, ಎರಡೂ ತೋಳುಗಳನ್ನು ಇಳಿಬಿಟ್ಟು, ಬೆರಳುಗಳನ್ನು ಒಂದೇ ಸಮನೆ ಆಡಿಸುತ್ತ ನಿಲ್ಲುತ್ತಿದ್ದರು. ಅವರನ್ನು ನೋಡುವುದು ಸಂತೋಷವೇ, ಆದರೆ ಆ ಹೊತ್ತಿನಲ್ಲಿ ಉಳಿದವರನ್ನು ನೋಡುವುದು ಒಂದು ಪಾಠ. ಪಿಚರ್ ಚೆಂಡನ್ನು ಕೈಗವಸಿನಲ್ಲಿಟ್ಟುಕೊಂಡು ಮತ್ತೆ ಮತ್ತೆ ಹೆಗಲ ಮೇಲಿಂದ ಮೊದಲ ಬೇಸ್ ಕಡೆ ಕಣ್ಣು ಹಾಯಿಸುತ್ತಾನೆ. ಒಮ್ಮೆ ಆ ಕಡೆಗೆ ಎಸೆದು ಹೆದರಿಸುತ್ತಾನೆ, ಮತ್ತೊಮ್ಮೆ ಎಸೆಯುತ್ತಾನೆ. ಬೇಸ್ ಕಾಯಲು ಹೋಗಬೇಕಾದ ಇಬ್ಬರು ಫೀಲ್ಡರುಗಳು ಒಂದೆರಡು ಹೆಜ್ಜೆ ಒಳಕ್ಕೆ ಸರಿಯುವುದರಿಂದ ಅವರ ಪಕ್ಕದಲ್ಲಿ ಜಾಗ ತೆರೆದುಕೊಳ್ಳುತ್ತದೆ. ನಿಧಾನವಾದ, ತಿರುವಿನ ಎಸೆತಗಳಲ್ಲಿ ಕಾಲ ವ್ಯರ್ಥವಾಗುವುದೆಂದು ಕ್ಯಾಚರ್ ನೇರವಾದ ವೇಗದ ಚೆಂಡನ್ನೇ ಕೇಳುತ್ತಾನೆ. ಇದರ ಲಾಭ ಸಿಗುವುದು ಮುಂದಿನ ಬ್ಯಾಟರ್‌ಗೆ. ಹೆಂಡರ್ಸನ್ ಇನ್ನೂ ಓಡಿಯೇ ಇಲ್ಲ, ಆಗಲೇ ಎದುರು ತಂಡದ ಯೋಜನೆಯೆಲ್ಲ ಕೆಟ್ಟುಹೋಗಿರುತ್ತದೆ. ಅವರು ಒಟ್ಟು ಕದ್ದ ಬೇಸ್‌ಗಳು 1,406. ಎರಡನೆಯ ಸ್ಥಾನದ ಲೂ ಬ್ರಾಕ್ ಅವರದ್ದು 938. ಈ ಅಂತರ ದೊಡ್ಡದೆನ್ನುವುದು ನಿಜ, ಆದರೆ ಅವರು ಕದಿಯದೆ ಸುಮ್ಮನೆ ನಿಂತಾಗ ಮಾಡಿದ ಹಾನಿಯನ್ನು ಬರೆದಿಡಲು ಅಂಕಪಟ್ಟಿಯಲ್ಲಿ ಜಾಗವಿಲ್ಲ. ಓಕ್ಲಂಡ್‌ನಲ್ಲೇ ಬೆಳೆದ ಅವರು 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅವರ ತಂಡ ಓಕ್ಲಂಡ್‌ನಲ್ಲಿ ತನ್ನ ಕೊನೆಯ ಪಂದ್ಯವನ್ನು ಆಡಿ ಊರು ಬಿಟ್ಟಿತ್ತು.

ಕೊಲ್ಲಿಯ ಈಚೆ ದಡದಲ್ಲಿ, ಈಗ ಓರಾಕಲ್ ಪಾರ್ಕ್ ಎಂದು ಕರೆಯುವ ಮೈದಾನದಲ್ಲಿ, ಬ್ಯಾರಿ ಬಾಂಡ್ಸ್ ಆಡುತ್ತಿದ್ದರು. ಬಲ ಮೂಲೆಯ ಗೋಡೆ ಅಲ್ಲಿ ಹೋಮ್ ಪ್ಲೇಟ್‌ನಿಂದ ಕೇವಲ 309 ಅಡಿ ದೂರದಲ್ಲಿದೆ, ಆದರೆ ಅದರ ಎತ್ತರ 24 ಅಡಿ. ಅದರಾಚೆ ಕೊಲ್ಲಿಯ ನೀರು. ಬಾಂಡ್ಸ್ ಬ್ಯಾಟಿಂಗ್‌ಗೆ ಬರುವ ಹೊತ್ತಿಗೆ ಆ ನೀರಿನಲ್ಲಿ ಪುಟ್ಟ ದೋಣಿಗಳಲ್ಲಿ ಕುಳಿತವರು ಚೆಂಡು ಹಿಡಿಯಲು ಬಲೆ ಎತ್ತಿ ಕಾಯುತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೊದ ಜಯಂಟ್ಸ್ ತಂಡದ ಪರವಾಗಿ ಅವರು ನೇರವಾಗಿ ನೀರಿಗೆ ಕಳಿಸಿದ ಹೋಮ್ ರನ್‌ಗಳು (ಗೋಡೆಯಾಚೆ ಹಾರಿದ ಹೊಡೆತಗಳು) 35. 2001ರಲ್ಲಿ ಒಂದೇ ಋತುವಿನಲ್ಲಿ 73 ಹೋಮ್ ರನ್. ಒಟ್ಟು ವೃತ್ತಿಜೀವನದಲ್ಲಿ 762. ಎರಡೂ ಇಂದಿಗೂ ದಾಖಲೆಗಳು.

ಆದರೆ ಬಾಂಡ್ಸ್ ಅವರನ್ನು ನೆನೆದಾಗ ನನ್ನ ಕಣ್ಣ ಮುಂದೆ ಮೊದಲು ಬರುವುದು ಎದ್ದು ನಿಂತ ಕ್ಯಾಚರ್. ಆಗಿನ ನಿಯಮದಂತೆ, ಬ್ಯಾಟರ್‌ನನ್ನು ಬೇಕೆಂದೇ ಮೊದಲ ಬೇಸ್‌ಗೆ ಕಳಿಸಬೇಕಾದರೂ ನಾಲ್ಕು ಚೆಂಡುಗಳನ್ನು ಎಸೆಯಲೇಬೇಕಿತ್ತು. ಎಸೆಯದೆ ಸನ್ನೆಯಲ್ಲೇ ಕಳಿಸುವ ಪದ್ಧತಿ ಬಂದದ್ದು 2017ರಲ್ಲಿ. ಕ್ಯಾಚರ್ ಎದ್ದು, ಒಂದು ಕೈಯನ್ನು ಪಕ್ಕಕ್ಕೆ ನೀಳವಾಗಿ ಚಾಚಿದನೆಂದರೆ ನಲವತ್ತು ಸಾವಿರ ಜನ ಒಟ್ಟಿಗೆ ಕೂಗಿ ಛೀಮಾರಿ ಹಾಕುತ್ತಿದ್ದರು. ಎದುರಾಳಿಗಳ ಹೇಡಿತನವನ್ನು ಹಂಗಿಸಲು ಜನ ರಬ್ಬರ್ ಕೋಳಿಗಳನ್ನು ಬೀಸುತ್ತಿದ್ದರು, ಇಲ್ಲಿ ಪುಕ್ಕಲನನ್ನು ಕೋಳಿ ಎಂದು ಕರೆಯುವುದು ರೂಢಿ. ಬಾಂಡ್ಸ್ ಬ್ಯಾಟನ್ನು ಭುಜದ ಮೇಲೆ ಹಿಡಿದೇ ಆ ನಾಲ್ಕು ಚೆಂಡುಗಳನ್ನು ನೋಡಿ, ಬಲ ಮೊಣಕೈಯ ಕವಚವನ್ನು ಬಿಚ್ಚಿಕೊಟ್ಟು, ಅವಸರವಿಲ್ಲದೆ ಮೊದಲ ಬೇಸ್ ಕಡೆ ನಡೆಯುತ್ತಿದ್ದರು. 2004ರಲ್ಲಿ ಅವರಿಗೆ ಸಿಕ್ಕ ವಾಕ್‌ಗಳು 232, ಅವುಗಳಲ್ಲಿ 120 ಉದ್ದೇಶಪೂರ್ವಕವಾಗಿ ಕೊಟ್ಟವು. ನಾನು ಇಲ್ಲಿಗೆ ಬಂದ 1998ರ ಮೇ ತಿಂಗಳಲ್ಲೇ ಅರಿಝೋನಾ ತಂಡವು ಕೊನೆಯದಾದ ಒಂಬತ್ತನೆಯ ಇನಿಂಗ್ಸ್‌ನಲ್ಲಿ ಎರಡು ರನ್ ಮುಂದಿದ್ದಾಗ, ಮೂರೂ ಬೇಸ್‌ಗಳು ತುಂಬಿದ್ದರೂ, ಬಾಂಡ್ಸ್ ಅವರಿಗೆ ವಾಕ್ ಕೊಟ್ಟು ಒಂದು ರನ್ ತಾನಾಗಿಯೇ ಬಿಟ್ಟುಕೊಟ್ಟಿತು. ಮುಂದಿನ ಬ್ಯಾಟರ್‌ನನ್ನು ಔಟ್ ಮಾಡಿ ಪಂದ್ಯವನ್ನೂ ಗೆದ್ದಿತು. ಎದುರಾಳಿಯಿಂದ ಬ್ಯಾಟರ್‌ಗೆ ಇದಕ್ಕಿಂತ ದೊಡ್ಡ ಪ್ರಶಂಸೆ ಸಿಗಲಾರದು.

ಅಪರೂಪಕ್ಕೆ ಅವರಿಗೆ ಹೊಡೆಯಬಹುದಾದ ಚೆಂಡು ಸಿಗುತ್ತಿತ್ತು. ಒಂದು ಸಂಜೆಯಲ್ಲಿ ಅಂಥ ಒಂದೇ ಒಂದು ಚೆಂಡು ಬರಬಹುದು, ಅದೂ ಬಾರದಿರಬಹುದು. ಅದಕ್ಕಾಗಿ ಕಾಯುತ್ತ, ಗುರಿಯಿಂದ ಎರಡು ಅಂಗುಲ ಆಚೆ ಹೋದ ಚೆಂಡಿಗೆ ಕೈ ಮಿಡುಕದಂತೆ ನಿಂತು, ಆ ಒಂದು ಚೆಂಡು ಬಂದಾಗ ಬ್ಯಾಟನ್ನು ಹಿಡಿಯ ತುದಿಯಿಂದ ತುಸು ಮೇಲೆ ಹಿಡಿದ ಕೈಗಳಿಂದ ಅದನ್ನು ನೀರಿಗೆ ಕಳಿಸುತ್ತಿದ್ದರು. ನನ್ನ ಮಟ್ಟಿಗೆ ಅವರ ದೊಡ್ಡ ಶಕ್ತಿ ತೋಳಿನದ್ದಲ್ಲ, ಈ ಸಂಯಮದ್ದು.

ಬಾಂಡ್ಸ್ ಹೆಸರು ಹೇಳಿ ಉತ್ತೇಜಕ ಮದ್ದುಗಳ ವಿಷಯ ಬಿಡುವುದು ಸರಿಯಲ್ಲ. ಆ ಆರೋಪ ಅವರನ್ನು ಬಿಡಲಿಲ್ಲ. ಹತ್ತು ವರ್ಷ ಅವರ ಹೆಸರು ಬೇಸ್‌ಬಾಲ್ ಬರಹಗಾರರ ಮತಕ್ಕೆ ಬಂದರೂ 2022ರವರೆಗೆ ಶ್ರೇಷ್ಠ ಆಟಗಾರರ ಗೌರವ ಮಂದಿರವಾದ ಹಾಲ್ ಆಫ್ ಫೇಮ್‌ಗೆ ಬೇಕಾದಷ್ಟು ಮತಗಳು ಬೀಳಲಿಲ್ಲ. ನನಗೆ ಇದು ನೋವಿನ ವಿಷಯ. ಅವರ ಅಂಕಿಅಂಶಗಳನ್ನು ನಾನು ಯಾವ ಅಳುಕೂ ಇಲ್ಲದೆ ಹೊಗಳಲಾರೆ. ಹಾಗೆಂದು ಚೆಂಡನ್ನು ಗುರುತಿಸುವ ಆ ಕಣ್ಣನ್ನು ಕಂಡಿಲ್ಲವೆಂದು ಹೇಳಲೂ ಆರೆ.

ಇಚಿರೊ ಸುಝುಕಿ ಜಪಾನಿನಿಂದ ಸಿಯಾಟಲ್ ತಂಡಕ್ಕೆ ಬಂದದ್ದು 2001ರಲ್ಲಿ. ಆ ಏಪ್ರಿಲ್ 11ರಂದು ಓಕ್ಲಂಡ್‌ನಲ್ಲಿ ಅವರು ಮಾಡಿದ ಒಂದು ಎಸೆತದ ಬಗ್ಗೆ ಬೇಸ್‌ಬಾಲ್ ಪ್ರಿಯರು ಇಂದಿಗೂ ಮಾತನಾಡುತ್ತಾರೆ. ಮೊದಲ ಬೇಸ್‌ನಲ್ಲಿದ್ದ ಟೆರೆನ್ಸ್ ಲಾಂಗ್, ಬಲಭಾಗಕ್ಕೆ ಹೋದ ಹಿಟ್ ನೋಡಿ ಮೂರನೆಯ ಬೇಸ್‌ಗೆ ಓಡಿದರು. ಯಾವ ರನ್ನರ್ ಆದರೂ ಮಾಡುವ ಓಟ ಅದು. ಇಚಿರೊ ಎಸೆದ ಚೆಂಡು ನೆಲಕ್ಕೆ ಮುಟ್ಟದೆ, ಎಳೆದ ದಾರದಂತೆ ಬಂದು ಬೇಸ್ ಪಕ್ಕದಲ್ಲೇ ಫೀಲ್ಡರ್‌ನ ಕೈಗವಸು ಸೇರಿತು, ಲಾಂಗ್ ಔಟ್.

ನಾನು ಆ ಎಸೆತದ ದಿನ ಮೈದಾನದಲ್ಲಿರಲಿಲ್ಲ. ಆದರೆ ಅದರ ಫಲವನ್ನು ಮುಂದಿನ ವರ್ಷಗಳಲ್ಲಿ ಬಲ ಮೂಲೆಯ ಬೆಂಚುಗಳಲ್ಲಿ ಕುಳಿತು ನೋಡಿದೆ. ಮೊದಲ ಬೇಸ್‌ನಲ್ಲಿ ರನ್ನರ್ ಇದ್ದಾನೆ, ಚೆಂಡು ಬಲಭಾಗಕ್ಕೆ ಹೋಗಿದೆ, ರನ್ನರ್ ಎರಡನೆಯ ಬೇಸ್ ಸುತ್ತುತ್ತಿದ್ದಾನೆ. ಬೇರೆ ಯಾರಾದರೂ ಫೀಲ್ಡರ್ ಆಗಿದ್ದರೆ ಓಟ ನಿಲ್ಲುವ ಮಾತೇ ಇಲ್ಲ. ಆದರೆ ಮೂರನೆಯ ಬೇಸ್ ಕೋಚ್ ಆಗಲೇ ಎರಡೂ ಅಂಗೈಗಳನ್ನು ಎತ್ತಿ ಹಿಡಿದಿರುತ್ತಿದ್ದ. ರನ್ನರ್ ಸರ್ರನೆ ನಿಂತು ಎರಡನೆಯ ಬೇಸ್‌ಗೆ ಹಿಂದಿರುಗುತ್ತಿದ್ದ. ಇಚಿರೊ ಚೆಂಡನ್ನು ಹಿಡಿದು ಸಾಧಾರಣವಾಗಿ ಒಳಗೆ ಎಸೆಯುತ್ತಿದ್ದರು. ಟಿ.ವಿ.ಯಲ್ಲಿ ಅದೊಂದು ಮಾಮೂಲಿ ಹಿಟ್. ಅಂಕಪಟ್ಟಿಯಲ್ಲೂ ಅಷ್ಟೇ. ಎಸೆತದಿಂದ ಔಟ್ ಮಾಡಿದ್ದಕ್ಕೆ ಫೀಲ್ಡರ್‌ಗೆ ಲೆಕ್ಕ ಸಿಗುತ್ತದೆ, ಎಸೆತದ ಭಯದಿಂದ ಯಾರೂ ಓಡದಿದ್ದರೆ ಆ ಲೆಕ್ಕವೇ ಕಡಿಮೆಯಾಗುತ್ತದೆ. ಹೆಸರು ಬೆಳೆದಷ್ಟೂ ಕೈಗೆ ಕೆಲಸ ಸಿಗುವುದಿಲ್ಲ. ಈ ಸೂಕ್ಷ್ಮವನ್ನು ಕಾಣಲು ಚೆಂಡಿನಿಂದ ಕಣ್ಣು ಕಿತ್ತು ಕೋಚ್‌ನ ಕೈಗಳನ್ನು ನೋಡಬೇಕು, ಅದು ಮೈದಾನದಲ್ಲಿ ಕುಳಿತವರಿಗೆ ಮಾತ್ರ ಸಾಧ್ಯ.

ಎರಡು ಎಸೆತಗಳ ನಡುವೆ ಇಚಿರೊ ಒಂದು ಕ್ಷಣವೂ ಸುಮ್ಮನೆ ನಿಂತವರಲ್ಲ. ಬಗ್ಗಿ ಕಾಲಿನ ಹಿಂಭಾಗದ ಸ್ನಾಯುಗಳನ್ನು ಎಳೆಯುವುದು, ಕುಕ್ಕರಿಸಿ ಕೂತು ಭುಜವನ್ನು ಒಳಮುಖವಾಗಿ ತಿರುಗಿಸುವುದು, ಎದ್ದು ಎರಡು ಹೆಜ್ಜೆ ಜಿಗಿಯುವುದು, ಹೀಗೆ ಒಂಬತ್ತು ಇನಿಂಗ್ಸ್ ಉದ್ದಕ್ಕೂ. ಬ್ಯಾಟಿಂಗ್‌ಗೆ ಬಂದಾಗ ಬಲಗೈಯಲ್ಲಿ ಬ್ಯಾಟನ್ನು ಪಿಚರ್‌ನತ್ತ ನೆಟ್ಟಗೆ ಹಿಡಿದು, ಎಡಗೈಯಿಂದ ಭುಜದ ಮೇಲಿನ ಬಟ್ಟೆಯನ್ನು ಎಳೆದುಕೊಳ್ಳುತ್ತಿದ್ದರು. ಹೊಡೆಯುವಾಗಲೇ ಅವರ ದೇಹ ಮೊದಲ ಬೇಸ್ ಕಡೆ ಹೊರಟಿರುತ್ತಿತ್ತು; ನಾಲ್ಕು ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಅವರು ಬೇಸ್ ಮುಟ್ಟುತ್ತಿದ್ದರು. ಇದರ ಅರಿವಿದ್ದ ಒಳಗಿನ ಫೀಲ್ಡರುಗಳು ಮುಂದೆ ಸರಿದು ನಿಲ್ಲುತ್ತಿದ್ದರು. ಮುಂದೆ ಸರಿದರೆ ಅವರ ಬದಿಯಿಂದ ಚೆಂಡು ದಾಟುವ ಸಂಭವ ಹೆಚ್ಚು, ಹಿಂದೆ ನಿಂತರೆ ಚೆಂಡು ಹಿಡಿದು ಎಸೆಯುವಷ್ಟರಲ್ಲಿ ಅವರು ಬೇಸ್ ಸೇರಿರುತ್ತಾರೆ. 2004ರಲ್ಲಿ 262 ಹಿಟ್ ಗಳಿಸಿ, ಜಾರ್ಜ್ ಸಿಸ್ಲರ್ 1920ರಲ್ಲಿ ಸ್ಥಾಪಿಸಿದ 257ರ ದಾಖಲೆಯನ್ನು ಅವರು ಮುರಿದದ್ದು ಬಹುಮಟ್ಟಿಗೆ ಈ ಇಕ್ಕಟ್ಟಿನ ಲಾಭದಿಂದ. 2025ರಲ್ಲಿ ಅವರು ಹಾಲ್ ಆಫ್ ಫೇಮ್ ಸೇರಿದಾಗ 394 ಮತಗಳಲ್ಲಿ 393 ಅವರಿಗೆ ಬಿದ್ದವು.

ಪಿಚರ್‌ಗಳ ವಿಷಯದಲ್ಲಿ ಎದುರಾಳಿಯ ಮುಖ ಓದುವುದು ಇನ್ನೂ ಸುಲಭ. ಕೊಲಿಸಿಯಂನಲ್ಲಿ ಬದಲಿ ಪಿಚರ್‌ಗಳು ಕೈ ಬಿಸಿ ಮಾಡಿಕೊಳ್ಳುವ ಜಾಗ ಬೆಂಚುಗಳ ಪಕ್ಕದಲ್ಲೇ ಇತ್ತು. ನ್ಯೂಯಾರ್ಕ್ ಯಾಂಕೀಸ್ ಊರಿಗೆ ಬಂದಾಗ ಅಲ್ಲಿ ಪನಾಮಾ ದೇಶದ ಮರಿಯಾನೊ ರಿವೇರಾ ಅವರನ್ನು ಹತ್ತಿರದಿಂದ ನೋಡಬಹುದಿತ್ತು. ಅವಸರವಿಲ್ಲ, ಬಿರುಸಿಲ್ಲ, ಪ್ರತಿ ಬಾರಿಯೂ ಒಂದೇ ಬಗೆಯ ಎಸೆತ. ಚೆಂಡು ನೇರವಾಗಿ ಹೋಗಿ, ಕ್ಯಾಚರ್‌ನ ಬಳಿ ಬರುವಾಗ ಕೆಲವೇ ಅಂಗುಲ ಎಡಗೈ ಬ್ಯಾಟರ್‌ನ ಕೈಗಳತ್ತ ಹೊರಳುತ್ತಿತ್ತು. ಅವರು ಏನು ಎಸೆಯುತ್ತಾರೆಂದು ಎಲ್ಲರಿಗೂ ಗೊತ್ತಿತ್ತು, ಗೊತ್ತಿದ್ದೂ ಬ್ಯಾಟ್‌ಗಳು ಹಿಡಿಯ ಹತ್ತಿರ ಮುರಿದು ಬೀಳುತ್ತಿದ್ದವು. ಎರಡೂ ಕೈಯಿಂದ ಆಡಬಲ್ಲ ಕೆಲವು ಬ್ಯಾಟರುಗಳು, ಬಲಗೈ ಪಿಚರ್ ಎದುರು ಎಡಗೈಯಲ್ಲಿ ಆಡುವುದೇ ಲಾಭವೆಂಬ ಸಾಮಾನ್ಯ ತಿಳಿವಳಿಕೆಯನ್ನು ಬದಿಗಿಟ್ಟು, ರಿವೇರಾ ಎದುರು ಬಲಗೈಯಲ್ಲಿ ಆಡಿದರು. 2019ರಲ್ಲಿ ಅವರು ಒಂದು ಮತವೂ ತಪ್ಪದೆ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದ ಮೊದಲ ಆಟಗಾರರಾದರು.

ಜಯಂಟ್ಸ್ ಪಿಚರ್ ಟಿಮ್ ಲಿನ್ಸಿಕಮ್ ಅವರದು ಇದಕ್ಕೆ ತದ್ವಿರುದ್ಧ ಶೈಲಿ. 5 ಅಡಿ 11 ಅಂಗುಲ ಎತ್ತರ, ಸುಮಾರು 77 ಕಿಲೊ ತೂಕ, ಭುಜದವರೆಗೆ ಇಳಿಬಿದ್ದ ಕೂದಲು. ಕಾಲೇಜು ಹುಡುಗನಂತೆ ಕಾಣುತ್ತಿದ್ದ ಅವರು ತಮ್ಮ ಎತ್ತರಕ್ಕಿಂತಲೂ ಉದ್ದದ ಹೆಜ್ಜೆ ಹಾಕಿ, ಇಡೀ ದೇಹವನ್ನು ಹಿಂದಕ್ಕೆ ತಿರುಚಿ, ಬಿಲ್ಲು ಬಿಟ್ಟಂತೆ ಎಸೆಯುತ್ತಿದ್ದರು. 2008 ಮತ್ತು 2009ರಲ್ಲಿ ಸಾಲಾಗಿ, ಲೀಗ್‌ನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದರು. 2010ರ ಅಕ್ಟೋಬರ್ 7ರ ರಾತ್ರಿ, ಅಟ್ಲಾಂಟಾ ವಿರುದ್ಧ ಅವರು ತಮ್ಮ ಮೊದಲ ಪ್ಲೇಆಫ್ ಪಂದ್ಯವನ್ನು ಆಡಿದಾಗ ನಾನು ಮೊದಲ ಬೇಸ್ ಕಡೆಯ ಮೇಲಂತಸ್ತಿನಲ್ಲಿದ್ದೆ. ಎದುರಾಳಿಗೆ ಕೊಟ್ಟದ್ದು ಎರಡೇ ಹಿಟ್, 14 ಸ್ಟ್ರೈಕ್‌ಔಟ್, 1–0 ಗೆಲುವು. ಅವರ ನಿಧಾನದ ಚೆಂಡು ವೇಗದ ಚೆಂಡಿನ ವೇಷದಲ್ಲೇ ಕೈಯಿಂದ ಹೊರಟು, ಪ್ಲೇಟ್ ಬಳಿ ಕುಸಿಯುತ್ತಿತ್ತು. ಬ್ಯಾಟರ್ ಬೀಸಿ ಮುಗಿಸಿದ ಮೇಲೆ ಚೆಂಡು ಬ್ಯಾಟಿನ ಕೆಳಗಿನಿಂದ ಹೋಗುವುದನ್ನು ಅಷ್ಟು ಎತ್ತರದಿಂದಲೂ ಕಾಣಬಹುದಿತ್ತು. ಔಟಾದವನು ಡಗ್‌ಔಟ್‌ಗೆ ಹಿಂದಿರುಗುವ ದಾರಿಯಲ್ಲಿ ಮುಂದಿನವನ ಬಳಿ ಒಂದು ಕ್ಷಣ ನಿಂತು ಏನೋ ಹೇಳುತ್ತಾನೆ, ಮುಂದಿನವನು ತಲೆಯಾಡಿಸುತ್ತಾನೆ, ಪ್ಲೇಟ್‌ಗೆ ಹೋಗಿ ಅದೇ ಚೆಂಡಿಗೆ ಹಾಗೆಯೇ ಬೀಸುತ್ತಾನೆ. ಆ ರಾತ್ರಿ ಇದು ಮತ್ತೆ ಮತ್ತೆ ನಡೆಯಿತು. ಆ ವರ್ಷ ಜಯಂಟ್ಸ್ ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದರು. ಅಂಥ ದೇಹ ಅಂಥ ಎಸೆತವನ್ನು ಬಹಳ ವರ್ಷ ತಾಳಲಿಲ್ಲ. ಆ ಕೆಲವು ವರ್ಷಗಳಲ್ಲಿ ಅವರ ಪ್ರತಿ ಪಂದ್ಯವೂ ಊರಿಗೆ ಹಬ್ಬವಾಗಿತ್ತು.

ಈಗ ಎಲ್ಲರ ಬಾಯಲ್ಲಿರುವ ಹೆಸರು, ಪಿಚರ್ ಮತ್ತು ಬ್ಯಾಟರ್ ಎರಡೂ ಆಗಿ ಆಡುವ ಜಪಾನಿನ ಶೊಹೆ ಒಹ್ತಾನಿ. ಅವರ ಅಮೆರಿಕದ ಆಟ ಆರಂಭವಾದದ್ದು ನಮ್ಮ ಓಕ್ಲಂಡ್‌ನಲ್ಲಿ. 2018ರ ಮಾರ್ಚ್ 29ರಂದು ಎದುರು ತಂಡದ ಬ್ಯಾಟರ್ ಆಗಿ ಬಂದು ಮೊದಲ ಸರದಿಯಲ್ಲೇ ಹಿಟ್ ಗಳಿಸಿದರು. ಮೂರು ದಿನ ಕಳೆದು, ಏಪ್ರಿಲ್ 1ರ ಭಾನುವಾರ, ಅದೇ ಮೈದಾನದಲ್ಲಿ ಪಿಚರ್ ಆಗಿ ಇಳಿದರು. ಆ ಭಾನುವಾರ ನಾನು ಅಲ್ಲಿದ್ದೆ. ಎರಡನೆಯ ಇನಿಂಗ್ಸ್‌ನಲ್ಲಿ ಓಕ್ಲಂಡ್‌ನವರು ಎರಡು ಹಿಟ್ ಗಳಿಸಿದರು, ಹಿಂದೆಯೇ ಮ್ಯಾಟ್ ಚಾಪ್ಮನ್ ಹೋಮ್ ರನ್ ಹೊಡೆದು ಮೂರು ರನ್ ತಂದರು. ನನ್ನ ಸುತ್ತಲಿನವರು ಇಷ್ಟೇನೇ ಎಂಬಂತೆ ನಕ್ಕರು. ಅಲ್ಲಿಂದ ಮುಂದೆ ಆರನೆಯ ಇನಿಂಗ್ಸ್ ಮುಗಿಯುವವರೆಗೆ ಅವರು ಒಂದು ಹಿಟ್ಟನ್ನೂ ಕೊಡಲಿಲ್ಲ. ವೇಗದ ಚೆಂಡು ಗಂಟೆಗೆ 99 ಮೈಲಿ ಮುಟ್ಟಿತು, ಬೆರಳುಗಳ ನಡುವೆ ಸಿಕ್ಕಿಸಿ ಎಸೆದ ಸ್ಪ್ಲಿಟರ್ ಬ್ಯಾಟಿನ ಕೆಳಗೆ ಮಾಯವಾಯಿತು. ಐದನೆಯ ಇನಿಂಗ್ಸ್ ಹೊತ್ತಿಗೆ ನಗು ನಿಂತು, ಜನ ಪ್ರತಿ ಎಸೆತದ ವೇಗವನ್ನು ಫಲಕದ ಮೇಲೆ ತಲೆಯೆತ್ತಿ ಓದುತ್ತಿದ್ದರು.

ಒಹ್ತಾನಿ ಎದುರಾಳಿಗಳನ್ನಷ್ಟೇ ಬದಲಿಸಿದ್ದಲ್ಲ. ಪಿಚರ್ ಆಗಿ ಹೊರನಡೆದ ಮೇಲೂ ಅದೇ ಆಟಗಾರ ಬ್ಯಾಟರ್ ಆಗಿ ಉಳಿಯಬಹುದೆಂಬ ನಿಯಮವನ್ನು 2022ರಲ್ಲಿ ತಂದದ್ದು ಅವರನ್ನು ಕಣ್ಮುಂದಿಟ್ಟುಕೊಂಡೇ. 2024ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಪರ 54 ಹೋಮ್ ರನ್ ಹೊಡೆದು 59 ಬೇಸ್ ಕದ್ದರು. 2025ರ ವರ್ಲ್ಡ್ ಸೀರೀಸ್‌ನಲ್ಲಿ 18 ಇನಿಂಗ್ಸ್ ನಡೆದ ಮೂರನೆಯ ಪಂದ್ಯದಲ್ಲಿ ಟೊರಾಂಟೊ ತಂಡ ಅವರಿಗೆ ನಾಲ್ಕು ಬಾರಿ ಬೇಕೆಂದೇ ವಾಕ್ ಕೊಟ್ಟಿತು. ಬಾಂಡ್ಸ್ ಕಾಲದ ಆ ಭಯವನ್ನು ನಾನು ಮತ್ತೆ ಕಂಡದ್ದು ಅಂದೇ. ಈ ಸಲ ಎದ್ದು ನಿಲ್ಲುವ ಕ್ಯಾಚರ್ ಇರಲಿಲ್ಲ, ಡಗ್‌ಔಟ್‌ನಿಂದ ನಾಲ್ಕು ಬೆರಳು ಎತ್ತಿದರೆ ಮುಗಿಯಿತು. ನನಗೆ ಹಳೆಯ ಪದ್ಧತಿಯೇ ಹೆಚ್ಚು ಪ್ರಾಮಾಣಿಕವೆನಿಸುತ್ತದೆ. ಹೆದರಿದವರು ತಮ್ಮ ಹೆದರಿಕೆಯನ್ನು ನಾಲ್ಕು ಎಸೆತಗಳಷ್ಟು ಹೊತ್ತು ಎಲ್ಲರೆದುರು ತೋರಿಸಬೇಕಾಗಿತ್ತು.

ಮಾತು ಮುಗಿದ ಮೇಲೆ ಒಬ್ಬ ತಾಯಿ, ಮಕ್ಕಳನ್ನು ಮೊದಲ ಸಲ ಕರೆದುಕೊಂಡು ಹೋಗುವುದಾದರೆ ಎಲ್ಲಿ ಕೂರಬೇಕು ಎಂದು ಕೇಳಿದರು. ದುಬಾರಿ ಜಾಗ ಬೇಡವೆಂದೇ ನನ್ನ ಉತ್ತರ. ಹೋಮ್ ಪ್ಲೇಟ್ ಹಿಂದಿನ ಮೇಲಂತಸ್ತಿನಲ್ಲಿ ಕುಳಿತರೆ ಹದಿಮೂರು ಹದಿನಾಲ್ಕು ಜನರ ಚಲನೆಯೂ ಒಟ್ಟಿಗೆ ಕಾಣುತ್ತದೆ. ಓರಾಕಲ್ ಪಾರ್ಕ್‌ನ ಬಲ ಗೋಡೆಯಲ್ಲಿ, ನೀರಿನ ಪಕ್ಕದ ಕಾಲುದಾರಿಗೆ ತೆರೆದುಕೊಂಡ ಕಮಾನುಗಳಿವೆ. ಅಲ್ಲಿ ಜಾಲರಿಯ ಹಿಂದೆ ನಿಂತು ಟಿಕೆಟ್ ಇಲ್ಲದೆಯೇ ಮೂರು ಇನಿಂಗ್ಸ್‌ವರೆಗೆ ಆಟ ನೋಡಲು ಬಿಡುತ್ತಾರೆ. ಡಾಡ್ಜರ್ಸ್ ಬಂದ ದಿನ ಬೇಗ ಹೋಗಿ ಅಲ್ಲಿ ನಿಲ್ಲಿ. ಒಹ್ತಾನಿ ಬ್ಯಾಟ್ ಹಿಡಿದು ಬಂದಾಗ, ನಿಮ್ಮ ಮುಂದೆಯೇ ಬೆನ್ನು ತೋರಿಸಿ ನಿಂತಿರುವ ಬಲಭಾಗದ ಫೀಲ್ಡರ್ ಎಷ್ಟು ಹೆಜ್ಜೆ ಹಿಂದಕ್ಕೆ ಬರುತ್ತಾನೆ ಎನ್ನುವುದನ್ನು ಮಕ್ಕಳಿಗೆ ಎಣಿಸಲು ಹೇಳಿ.